ಬಿದ್ದವನು ಆಟವನ್ನು ಬೈಯಬಾರದು

ಓದುಗರ ಪ್ರಶ್ನೆಗೆ ತಜ್ಞರ ಉತ್ತರ: ವಿಡಿಯೋ ಗೇಮ್ ವಿನ್ಯಾಸ

ಪ್ರಶ್ನೆ: ನಾನು ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಅಂತಿಮ ವರ್ಷದಲ್ಲಿ ಓದುತ್ತಿದ್ದೇನೆ. ಮೂವರು ಗೆಳೆಯರು ಸೇರಿ ಯುನಿಟಿ ಎಂಬ ಆಟ ಕಟ್ಟುವ ತಂತ್ರಾಂಶದಲ್ಲಿ ಒಂದು ಪ್ಲಾಟ್‌ಫಾರ್ಮ್ ಗೇಮ್ ಮಾಡಿದ್ದೇವೆ. ಒಬ್ಬ ಹುಡುಗ ಬಾದಾಮಿಯ ಬಂಡೆಗಳ ಮೇಲೆ ಓಡುತ್ತ, ಜಿಗಿಯುತ್ತ ಅಗಸ್ತ್ಯ ತೀರ್ಥದ ಆಚೆ ದಂಡೆ ಸೇರಬೇಕು. ಚಿತ್ರಗಳು ಚೆನ್ನಾಗಿ ಬಂದಿವೆ. ಆದರೆ ಆಡಿದವರೆಲ್ಲ, "ಗಾಳಿಪಟ ಹಾರಿಸಿದಂಗ ಆಗ್ತೈತಿ, ಮಜಾ ಬರೂದಿಲ್ಲ" ಎನ್ನುತ್ತಾರೆ. ಒಮ್ಮೊಮ್ಮೆ ಬಟನ್ ಒತ್ತಿದರೂ ಹುಡುಗ ಜಿಗಿಯುವುದೇ ಇಲ್ಲ. ಮಾರಿಯೋದಂಥ ಆಟಗಳು ಪರಿಪೂರ್ಣತೆಯ ಹತ್ತಿರ ಹೋದದ್ದು ಹೇಗೆ? ನಮ್ಮ ಆಟದಲ್ಲಿ ಕೊರತೆ ಎಲ್ಲಿದೆ?

ಉತ್ತರ: ನೀವು ಕಳುಹಿಸಿದ ಆಟವನ್ನು ಎರಡು ಸಂಜೆ ಕುಳಿತು ಆಡಿದೆ. ನಿಮ್ಮ ಗೆಳೆಯರ ಗಾಳಿಪಟದ ದೂರು ಅಕ್ಷರಶಃ ಸರಿಯಾಗಿದೆ. ಯುನಿಟಿ ತಾನಾಗಿ ಕೊಡುವ ಗುರುತ್ವಾಕರ್ಷಣೆ 9.81, ಅಂದರೆ ನಾವು ನಿಂತಿರುವ ಭೂಮಿಯದು. ಅದನ್ನು ನೀವು ಬದಲಿಸಿಯೇ ಇಲ್ಲ. ನಿಮ್ಮ ಹುಡುಗನೋ ತನ್ನ ಎತ್ತರದ ನಾಲ್ಕು ಪಟ್ಟು ಮೇಲಕ್ಕೆ ಜಿಗಿಯುತ್ತಾನೆ. ಯುನಿಟಿಯ ಲೆಕ್ಕದಲ್ಲಿ ಅದು ನಾಲ್ಕು ಮೀಟರ್, ಮತ್ತು ಭೂಮಿಯ ಸೆಳೆತದಲ್ಲಿ ಅಷ್ಟು ಎತ್ತರ ಏರಲು ಸುಮಾರು 0.9 ಸೆಕೆಂಡು, ಇಳಿಯಲು ಮತ್ತೆ ಅಷ್ಟೇ ಹೊತ್ತು ಬೇಕು. ಒಂದೊಂದು ಜಿಗಿತಕ್ಕೂ ಹುಡುಗ ಹತ್ತಿರ ಹತ್ತಿರ ಎರಡು ಸೆಕೆಂಡು ಗಾಳಿಯಲ್ಲಿ ತೇಲುತ್ತಿದ್ದರೆ ಆಡುವವನ ಬೆರಳಿಗೆ ಕೆಲಸವೇ ಇರುವುದಿಲ್ಲ. ನಿಮ್ಮ ಭೌತಶಾಸ್ತ್ರಕ್ಕೆ ಪೂರ್ಣ ಅಂಕ ಕೊಡಬಹುದು, ಜಿಗಿತಕ್ಕೆ ಕೊಡಲಾಗದು.

ಲೆಕ್ಕವನ್ನು ತಿರುಗಿಸಿ ಹಾಕಿ. ಗುರುತ್ವವನ್ನು ಮೊದಲು ಇಟ್ಟುಕೊಂಡು ಜಿಗಿತ ಹೇಗೆ ಬರುತ್ತದೋ ನೋಡೋಣ ಎನ್ನುವ ಬದಲು, ಎಷ್ಟು ಎತ್ತರ ಮತ್ತು ತುದಿ ಮುಟ್ಟಲು ಎಷ್ಟು ಹೊತ್ತು ಎಂಬುದನ್ನು ಮೊದಲು ನಿರ್ಧರಿಸಿ, ಅದರಿಂದ ಗುರುತ್ವವನ್ನು ಕಂಡುಹಿಡಿಯಿರಿ. ಎತ್ತರದ ಎರಡು ಪಟ್ಟನ್ನು ಕಾಲದ ವರ್ಗದಿಂದ ಭಾಗಿಸಿದರೆ ಗುರುತ್ವ ಸಿಗುತ್ತದೆ. ಅದೇ ಎರಡು ಪಟ್ಟನ್ನು ಬರೀ ಕಾಲದಿಂದ ಭಾಗಿಸಿದರೆ ನೆಲ ಬಿಡುವಾಗಿನ ವೇಗ ಸಿಗುತ್ತದೆ. ನಾಲ್ಕು ಮೀಟರ್ ಎತ್ತರವನ್ನು 0.4 ಸೆಕೆಂಡಿನಲ್ಲಿ ಮುಟ್ಟಬೇಕೆಂದರೆ ಗುರುತ್ವ 50, ವೇಗ 20. ಅಂದರೆ ಸೆಳೆತ ಎಷ್ಟು ಪಟ್ಟಾಗಬೇಕೆಂದು ಹೇಳುವ ಗ್ರಾವಿಟಿ ಸ್ಕೇಲ್ ಅನ್ನು 5ರ ಆಸುಪಾಸಿಗೆ ಏರಿಸಬೇಕು. ಇನ್ನು ಇಳಿಯುವಾಗ ಮಾತ್ರ ಸೆಳೆತವನ್ನು ಇಮ್ಮಡಿ ಮಾಡಿ ನೋಡಿ, ಹುಡುಗ 0.28 ಸೆಕೆಂಡಿನಲ್ಲಿ ನೆಲಕ್ಕೆ ಬರುತ್ತಾನೆ, ಜಿಗಿತಕ್ಕೆ ತೂಕ ಬರುತ್ತದೆ. ಅವನು ಸೆಕೆಂಡಿಗೆ ಎಂಟು ಮೀಟರ್ ಓಡುತ್ತಾನಾದರೆ ಒಂದು ಜಿಗಿತದಲ್ಲಿ ದಾಟುವ ದೂರ ಸುಮಾರು ಐದೂವರೆ ಮೀಟರ್. ಈ ಒಂದು ಸಂಖ್ಯೆ ಕೈಯಲ್ಲಿದ್ದರೆ ಯಾವ ಕಂದಕ ಸುಲಭ, ಯಾವುದು ಕಷ್ಟ, ಯಾವುದು ಅಸಾಧ್ಯ ಎಂಬುದನ್ನು ಊಹೆಯಿಂದಲ್ಲ, ಅಳತೆಯಿಂದಲೇ ಇಡಬಹುದು. ಈಗ ನಿಮ್ಮ ಮೂರನೆಯ ಲೆವೆಲ್‌ನಲ್ಲಿರುವ ಕಂದಕಗಳನ್ನು ಕಣ್ಣಂದಾಜಿನಲ್ಲಿ ಇಟ್ಟಿರುವುದು ಆಡುವಾಗಲೇ ಗೊತ್ತಾಗುತ್ತದೆ.

ಬಟನ್ ಒತ್ತಿದರೂ ಜಿಗಿಯದಿರುವುದು ಬೇರೆಯೇ ತೊಂದರೆ. ಬಟನ್ ಒತ್ತಿದ್ದನ್ನು ನೀವು ಫಿಕ್ಸ್ಡ್ ಅಪ್‌ಡೇಟ್, ಅಂದರೆ ಯುನಿಟಿ ಭೌತಶಾಸ್ತ್ರದ ಲೆಕ್ಕ ಹಾಕುವ ಕೋಡ್, ಅದರ ಒಳಗೆ ಕೇಳುತ್ತಿದ್ದೀರಿ. ಅದು ಸೆಕೆಂಡಿಗೆ 50 ಬಾರಿ ಮಾತ್ರ ನಡೆಯುತ್ತದೆ. ಪರದೆ ಅದಕ್ಕಿಂತ ವೇಗವಾಗಿ ಬದಲಾಗುವಾಗ ಒಂದೇ ಫ್ರೇಮ್ (ಪರದೆಯ ಒಂದು ಚಿತ್ರ) ಮಟ್ಟಿಗೆ ಬರುವ "ಈಗ ಒತ್ತಿದ" ಎಂಬ ಸುದ್ದಿ ಎರಡರ ನಡುವೆ ಬಿದ್ದುಹೋಗುತ್ತದೆ. ಪ್ರತಿ ಫ್ರೇಮಿಗೂ ನಡೆಯುವ ಅಪ್‌ಡೇಟ್‌ನಲ್ಲಿ ಕೇಳಿ, ನೆನಪಿಟ್ಟುಕೊಂಡು, ಫಿಕ್ಸ್ಡ್ ಅಪ್‌ಡೇಟ್‌ನಲ್ಲಿ ಜಿಗಿಸಿ. ಹತ್ತು ನಿಮಿಷದ ಕೆಲಸ.

ಇಷ್ಟು ಮಾಡಿದರೆ ನಿಮ್ಮ ಆಟ ಸರಿಯಾಗುತ್ತದೆ, ಆದರೆ ನೀವು ಕೇಳಿದ್ದು ಪರಿಪೂರ್ಣತೆಯ ಬಗ್ಗೆ. ನನ್ನ ತಿಳಿವಳಿಕೆಯಲ್ಲಿ ಅದಕ್ಕೆ ಇರುವ ಪರೀಕ್ಷೆ ಒಂದೇ: ಕಂದಕಕ್ಕೆ ಬಿದ್ದವನು ಯಾರನ್ನು ಬೈಯುತ್ತಾನೆ? ತನ್ನನ್ನು ಬೈದುಕೊಂಡರೆ ಆಟ ಒಳ್ಳೆಯದು. ಆಟವನ್ನು ಬೈದರೆ, ಕೋಡ್ ಎಷ್ಟೇ ಸರಿಯಿರಲಿ, ಆಟ ಸೋತಿದೆ. ವಿಚಿತ್ರವೆಂದರೆ ಕಟ್ಟುನಿಟ್ಟಿನ ನ್ಯಾಯದಿಂದ ಈ ಭಾವನೆ ಹುಟ್ಟುವುದಿಲ್ಲ. ಆಟ ಒಳಗೊಳಗೇ ಆಡುವವನ ಪಕ್ಷ ವಹಿಸಬೇಕಾಗುತ್ತದೆ.

ಚಿಕ್ಕಂದಿನಲ್ಲಿ ಹೊಲಗಾಲುವೆ ಜಿಗಿದವರಿಗೆ ಇದು ಗೊತ್ತಿರುತ್ತದೆ. ಓಡಿ ಬಂದು ಕಾಲುವೆಯ ಅಂಚಿನಲ್ಲಿ ಕೊನೆಯ ಹೆಜ್ಜೆ ಇಡುವಾಗ ಪಾದದ ಕೆಳಗಿನ ಮಣ್ಣು ಮೆತ್ತಗಿದೆಯೋ ಗಟ್ಟಿಯಿದೆಯೋ ಎಂಬುದು ಕಾಲಿಗೆ ತಿಳಿಯುತ್ತದೆ, ಮತ್ತು ಮೈ ಅದಕ್ಕೆ ತಕ್ಕಂತೆ ಚಿಮ್ಮುತ್ತದೆ. ಪರದೆಯ ಮುಂದೆ ಕುಳಿತವನಿಗೆ ಪಾದವಿಲ್ಲ, ಕಣ್ಣೊಂದೇ. ಕಣ್ಣು ಅಂಚನ್ನು ನೋಡಿ, ಬೆರಳಿಗೆ ಸುದ್ದಿ ಮುಟ್ಟಿಸುವಷ್ಟರಲ್ಲಿ ಸೆಕೆಂಡಿಗೆ 60 ಫ್ರೇಮ್ ಓಡುವ ಆಟದಲ್ಲಿ ಹುಡುಗ ಆಗಲೇ ಅಂಚು ದಾಟಿರುತ್ತಾನೆ. ಬೆರಳು ಒತ್ತಿದ್ದು ನಿಜ, ಕಾಲಡಿ ನೆಲವಿಲ್ಲದ್ದೂ ನಿಜ. ಆಡಿದವನಿಗೆ ಮಾತ್ರ ತಾನು ಸರಿಯಾಗಿಯೇ ಒತ್ತಿದೆನೆಂಬ ಭರವಸೆ. ಅದಕ್ಕಾಗಿ ನೆಲ ಬಿಟ್ಟ ಮೇಲೂ ಕ್ಷಣಕಾಲ ಜಿಗಿಯಲು ಬಿಡುವ ಏರ್ಪಾಡಿದೆ. ಕಾರ್ಟೂನಿನಲ್ಲಿ ಬಂಡೆಯಂಚು ದಾಟಿಯೂ ಕೆಳಗೆ ನೋಡುವ ತನಕ ಬೀಳದ ಕೊಯೋಟಿ ಎಂಬ ತೋಳದಂಥ ಪ್ರಾಣಿಯಿಂದಾಗಿ ಅದಕ್ಕೆ ಕೊಯೋಟಿ ಟೈಮ್ ಎಂದು ಹೆಸರು ಬಿದ್ದಿದೆ. 2018ರ ಸೆಲೆಸ್ಟ್ ಆಟದಲ್ಲಿ ಇದು ಸೆಕೆಂಡಿನ ಹತ್ತರಲ್ಲೊಂದು ಭಾಗ. ಅದನ್ನು ಮಾಡಿದ ಮ್ಯಾಡಿ ಥಾರ್ಸನ್ ಮತ್ತು ನೋಯೆಲ್ ಬೆರ್ರಿ ನಾಯಕಿಯ ಚಲನೆಯ ಕೋಡ್ ಅನ್ನು ಎಲ್ಲರಿಗೂ ತೆರೆದಿಟ್ಟಿದ್ದಾರೆ. ಒಂದು ಭಾನುವಾರ ಕುಳಿತು ಓದಿ, ಯಾವ ಪಠ್ಯಪುಸ್ತಕಕ್ಕಿಂತಲೂ ಅದು ಹೆಚ್ಚು ಕಲಿಸುತ್ತದೆ. ನೆಲ ಮುಟ್ಟುವ ತುಸು ಮೊದಲೇ ಬಟನ್ ಒತ್ತಿದರೆ ಅದನ್ನು ನೆನಪಿಟ್ಟು, ಮುಟ್ಟಿದ ಕೂಡಲೇ ಜಿಗಿಸುವುದು ಅಲ್ಲಿದೆ. ಮೇಲಿನ ಕಲ್ಲಿನ ಮೂಲೆಗೆ ತಲೆ ನಾಲ್ಕಾರು ಪಿಕ್ಸೆಲ್ ತಾಗಿದರೆ ಪಕ್ಕಕ್ಕೆ ಸರಿಸಿ ಏರಲು ಬಿಡುವುದಿದೆ. ಬಟನ್ ಹಿಡಿದೇ ಇದ್ದರೆ ಜಿಗಿತದ ತುದಿಯಲ್ಲಿ ಗುರುತ್ವ ಅರ್ಧಕ್ಕೆ ಇಳಿಯುತ್ತದೆ, ಎಲ್ಲಿ ಇಳಿಯಬೇಕೆಂದು ಯೋಚಿಸಲು ಎಡೆ ಸಿಗುತ್ತದೆ. ಆಡುವವರಿಗೆ ಇದಾವುದೂ ಕಾಣುವುದಿಲ್ಲ; ಅವರು ಈ ಆಟವನ್ನು ಬಹಳ ನಿಷ್ಠುರವಾದದ್ದೆಂದೇ ಹೊಗಳುತ್ತಾರೆ.

ಜಿಗಿತ ಬೆರಳಿನ ಮಾತು ಕೇಳಬೇಕೆಂಬುದು 1985ರ ಸೂಪರ್ ಮಾರಿಯೋ ಬ್ರದರ್ಸ್‌ನಲ್ಲಿಯೇ ಇತ್ತು. ಬಟನ್ ಹಿಡಿದಿರುವಷ್ಟು ಹೊತ್ತು ಏರುವಾಗಿನ ಸೆಳೆತ ಕಡಿಮೆ, ಬಿಟ್ಟೊಡನೆ ಹೆಚ್ಚು. ಹೀಗಾಗಿ ಗಿಡ್ಡ ಜಿಗಿತ, ಉದ್ದ ಜಿಗಿತ ಎರಡೂ ಒಂದೇ ಬಟನ್‌ನಲ್ಲಿವೆ. ನಮ್ಮ ಕಡೆಯ ಕಂಪ್ಯೂಟರ್ ಲ್ಯಾಬ್‌ಗಳಲ್ಲಿ ಮಾಸ್ತರರ ಕಣ್ಣು ತಪ್ಪಿಸಿ ನಾವೆಲ್ಲ ಆಡಿದ ಜಾನ್ ರೊಮೆರೊ ಅವರ ಡೇಂಜರಸ್ ಡೇವ್‌ನಲ್ಲಿ ಈ ಸೌಲಭ್ಯವಿರಲಿಲ್ಲ. ಮುಟ್ಟಿದರೂ ಒತ್ತಿ ಹಿಡಿದರೂ ಡೇವ್ ಜಿಗಿಯುತ್ತಿದ್ದುದು ಒಂದೇ ಅಳತೆಗೆ. ಆ ಆಟದ ಮೇಲೆ ನನಗೆ ಇಂದಿಗೂ ಪ್ರೀತಿಯಿದೆ, ಆದರೆ ಪ್ರೀತಿ ಬೇರೆ, ಪರಿಪೂರ್ಣತೆ ಬೇರೆ.

ಇದಕ್ಕೆ ತದ್ವಿರುದ್ಧವಾದ ಒಂದು ಉದಾಹರಣೆಯನ್ನೂ ಹೇಳದಿದ್ದರೆ ತಪ್ಪಾದೀತು. ಜೋರ್ಡನ್ ಮೆಕ್ನರ್ 1989ರಲ್ಲಿ ಆಪಲ್ 2 ಕಂಪ್ಯೂಟರಿಗೆ ಮಾಡಿದ ಪ್ರಿನ್ಸ್ ಆಫ್ ಪರ್ಷಿಯಾದಲ್ಲಿ ರಾಜಕುಮಾರ ಬಟನ್‌ಗೆ ಕೂಡಲೇ ಓಗೊಡುವುದಿಲ್ಲ. ಮೆಕ್ನರ್ ತಮ್ಮ ಸಹೋದರ ಓಡುವುದು, ಜಿಗಿಯುವುದನ್ನು ಚಿತ್ರೀಕರಿಸಿ, ಅದರ ಮೇಲೆ ಒಂದೊಂದೇ ಫ್ರೇಮ್ ತಿದ್ದಿ ಬರೆದಿದ್ದರು. ಇಟ್ಟ ಹೆಜ್ಜೆ ಪೂರ್ತಿಯಾದ ಮೇಲೆಯೇ ಮುಂದಿನ ಚಲನೆ. ಅಲ್ಲಿ ಜಿಗಿತವನ್ನು ಮುಂಚಿತವಾಗಿ ಯೋಚಿಸಿ ಒತ್ತಬೇಕು. ಆದರೂ ಯಾರೂ ಆಟವನ್ನು ಬೈಯಲಿಲ್ಲ, ಏಕೆಂದರೆ ಮೊದಲ ಕೋಣೆಯಿಂದಲೇ ಅದು ತನ್ನ ಕಾಯಿದೆ ಇದು ಎಂದು ತೋರಿಸಿಕೊಟ್ಟಿತ್ತು, ಕೊನೆಯವರೆಗೂ ಅದನ್ನು ಮುರಿಯಲಿಲ್ಲ. ನಿಮ್ಮ ಹುಡುಗ ಒಂದನೆಯ ಲೆವೆಲ್‌ನಲ್ಲಿ ಹಗುರವಾಗಿ, ಎರಡನೆಯದರಲ್ಲಿ ಜಾರುತ್ತ ನಡೆಯುತ್ತಾನೆ. ಯಾವುದಾದರೂ ಒಂದನ್ನು ಆರಿಸಿಕೊಳ್ಳಿ.

ಕಾಯಿದೆಯನ್ನು ಮಾತಿಲ್ಲದೆ ಕಲಿಸುವುದಕ್ಕೆ ಮಾರಿಯೋದ ಮೊದಲ ಲೆವೆಲ್‌ಗಿಂತ ಒಳ್ಳೆಯ ಪಾಠ ನನಗೆ ಗೊತ್ತಿಲ್ಲ. ಶಿಗೆರು ಮಿಯಾಮೊಟೊ ಮತ್ತು ತಕಾಶಿ ತೆಜುಕಾ ಅದನ್ನು ಹೇಗೆ ಜೋಡಿಸಿದ್ದಾರೆ ನೋಡಿ. ಮೊದಲು ಎದುರಾಗುವುದು ಗೂಂಬಾ ಎಂಬ ಒಂದೇ ಒಂದು ಪುಟ್ಟ ಶತ್ರು. ಅದಕ್ಕೆ ತಾಗಿ ಸತ್ತರೂ ನಷ್ಟವಿಲ್ಲ, ಲೆವೆಲ್ ಆಗಷ್ಟೇ ಶುರುವಾಗಿದೆ. ಮುಂದೆ ಪೆಟ್ಟಿಗೆಗೆ ತಲೆ ಹೊಡೆದರೆ ಅಣಬೆ ಬರುತ್ತದೆ. ಹೊಸಬರು ಅದನ್ನೂ ಶತ್ರುವೆಂದೇ ಹೆದರುತ್ತಾರೆ. ಆದರೆ ಅದು ಬಲಕ್ಕೆ ಸರಿದು, ಪೈಪಿಗೆ ಬಡಿದು ಮರಳಿ ಬರುತ್ತದೆ, ತಪ್ಪಿಸಿಕೊಳ್ಳಲು ಜಿಗಿದರೆ ಮೇಲಿನ ಇಟ್ಟಿಗೆಗೆ ತಲೆ ತಾಗಿ ಅದರ ಮೇಲೆಯೇ ಬೀಳುವ ಸಂಭವ ಹೆಚ್ಚು. ಅಣಬೆ ಒಳ್ಳೆಯದೆಂಬುದನ್ನು ಹೆದರಿದವನಿಗೂ ತಿನ್ನಿಸಿ ಕಲಿಸುವ ಏರ್ಪಾಡು ಅದು. ಲೆವೆಲ್‌ನ ಕೊನೆಯ ಕಡೆ ಎದುರುಬದುರಾದ ಮೆಟ್ಟಿಲುಗಳ ಎರಡು ಜೋಡಿಗಳಿವೆ. ಮೊದಲ ಜೋಡಿಯ ನಡುವೆ ನೆಲವಿದೆ, ತಪ್ಪಿದರೆ ಮತ್ತೆ ಹತ್ತಿ ಬರಬಹುದು. ಎರಡನೆಯದರ ನಡುವೆ ಕಂದಕ.

ನಿಮ್ಮ ಆಟಕ್ಕೆ ಇದು ಹೇಳಿಮಾಡಿಸಿದಂತಿದೆ. ಮೊದಲ ಎರಡು ಬಂಡೆಗಳ ನಡುವೆ ಹುಲ್ಲುನೆಲ ಇಡಿ. ಅದೇ ಅಂತರದ ಮುಂದಿನ ಎರಡು ಬಂಡೆಗಳ ಕೆಳಗೆ ಅಗಸ್ತ್ಯ ತೀರ್ಥದ ನೀರು ಇರಲಿ. ಈಗ ನೀವು ಇಟ್ಟಿರುವ "ಜಿಗಿಯಲು ಸ್ಪೇಸ್ ಒತ್ತಿ" ಎಂಬ ಫಲಕದ ಅಗತ್ಯವೇ ಬೀಳುವುದಿಲ್ಲ.

ಕೊನೆಗೆ ಚಿತ್ರಗಳು. ಬಾದಾಮಿಯ ಮರಳುಗಲ್ಲಿನ ಕೆಂಪು ನಿಜಕ್ಕೂ ಸೊಗಸಾಗಿ ಬಂದಿದೆ, ತೊಂದರೆಯೂ ಅದೇ. ಹಿಂದಿನ ಗುಡ್ಡ ಕೆಂಪು, ನಿಲ್ಲುವ ಬಂಡೆ ಕೆಂಪು, ಹುಡುಗನ ರುಮಾಲೂ ಕೆಂಪು. ಯಾವುದರ ಮೇಲೆ ಕಾಲಿಡಬಹುದು ಎಂದು ತಿಳಿಯದೆ ನಾನು ನಾಲ್ಕು ಸಲ ನೀರಿಗೆ ಬಿದ್ದೆ, ನಾಲ್ಕೂ ಸಲ ನಿಮ್ಮನ್ನೇ ಬೈದೆ. ಹಿಂದಿನದನ್ನು ಮಸುಕು ಮಾಡಿ, ಕಾಲಿಡುವ ಕಲ್ಲಿನ ಮೇಲಂಚಿಗೆ ಬಿಸಿಲಿನ ಒಂದು ಗೆರೆ ಕೊಡಿ. ಮಾರಿಯೋದ ಇಡೀ ಆಟ 40 ಕಿಲೋಬೈಟ್‌ನಲ್ಲಿತ್ತು, ಮೋಡಕ್ಕೂ ಪೊದೆಗೂ ಒಂದೇ ಚಿತ್ರವನ್ನು ಬಣ್ಣ ಬದಲಿಸಿ ಬಳಸಿದ್ದರು. ಆದರೂ ಯಾವುದು ನೆಲ, ಯಾವುದು ಬರೀ ಅಲಂಕಾರ ಎಂದು ಯಾರಿಗೂ ಗೊಂದಲವಾಗಲಿಲ್ಲ.

ಪ್ರಶ್ನೆ: ಫೋನಿನಲ್ಲಿ ಇಂಥ ಆಟ ಆಡುವಾಗ ಹೆಬ್ಬೆರಳು ಜಾರಿ ಸಾಯುವುದೇ ಹೆಚ್ಚು. ಇದಕ್ಕೆ ಉಪಾಯವಿದೆಯೇ? (ವಿಜಯಪುರದ ಓದುಗರು)

ಉತ್ತರ: ಗಾಜಿನ ಮೇಲೆ ಬಿಡಿಸಿದ ಬಟನ್‌ಗೆ ಅಂಚಿಲ್ಲ, ಆದ್ದರಿಂದ ಬೆರಳು ಎಲ್ಲಿದೆಯೆಂದು ಬೆರಳಿಗೇ ತಿಳಿಯುವುದಿಲ್ಲ. ಅಗ್ಗದ ಬ್ಲೂಟೂತ್ ಕಂಟ್ರೋಲರ್ ಜೋಡಿಸಿಕೊಳ್ಳಿ, ಇಲ್ಲವೇ ಫೋನಿಗೆಂದೇ ಮಾಡಿದ ಆಟ ಆರಿಸಿ. 2016ರ ಸೂಪರ್ ಮಾರಿಯೋ ರನ್‌ನಲ್ಲಿ ಮಾರಿಯೋ ತಾನೇ ಓಡುತ್ತಾನೆ, ಪರದೆಯನ್ನು ಎಲ್ಲಿ ಮುಟ್ಟಿದರೂ ಜಿಗಿಯುತ್ತಾನೆ. ಕಂಟ್ರೋಲರ್‌ಗೆ ಮಾಡಿದ ಆಟವನ್ನು ಹಾಗೇ ಫೋನಿಗೆ ತಂದಿದ್ದರೆ ಅದನ್ನು ಬೈಯಲು ನಿಮಗೆ ಪೂರ್ಣ ಹಕ್ಕಿದೆ.

ಪ್ರಶ್ನೆ: ಹನ್ನೆರಡು ವರ್ಷದ ನನ್ನ ಮಗ ರಜೆಯಲ್ಲಿ ಒಂದೇ ಲೆವೆಲ್ ಅನ್ನು ನೂರಾರು ಸಲ ಆಡುತ್ತಾನೆ. ಸಾಯುತ್ತಾನೆ, ಮತ್ತೆ "ಯವ್ವಾ, ಇನ್ನೊಂದ ಸಲ" ಎನ್ನುತ್ತಾನೆ. ಇಷ್ಟು ಕಷ್ಟದ ಆಟ ಒಳ್ಳೆಯ ಆಟವೇ? (ಜಮಖಂಡಿಯ ಓದುಗರು)

ಉತ್ತರ: ಕಷ್ಟವಿದ್ದ ಮಾತ್ರಕ್ಕೆ ಆಟ ಕೆಡುವುದಿಲ್ಲ, ಒಳ್ಳೆಯದೂ ಆಗುವುದಿಲ್ಲ. ಸತ್ತ ಮೇಲೆ ಎಷ್ಟು ಕಾಯಿಸುತ್ತದೆ, ಎಷ್ಟು ಹಿಂದಕ್ಕೆ ಒಯ್ಯುತ್ತದೆ ಎಂಬುದನ್ನು ಗಮನಿಸಿ. 1986ರಲ್ಲಿ ಜಪಾನಿನಲ್ಲಿ ಬಂದ ಮಾರಿಯೋದ ಎರಡನೆಯ ಆಟದಲ್ಲಿ ತಿಂದರೆ ಕುಗ್ಗುವ ಇಲ್ಲವೇ ಸಾಯುವ ವಿಷದ ಅಣಬೆಗಳೇ ಇದ್ದವು. ಬಹಳ ಕಷ್ಟವಾಯಿತೆಂದು ಅದನ್ನು ಆಗ ಅಮೆರಿಕಕ್ಕೆ ಕಳುಹಿಸಲಿಲ್ಲ. ಮೊದಲ ಆಟದಲ್ಲಿ ಒಳ್ಳೆಯದೆಂದು ಕಲಿಸಿದ್ದನ್ನೇ ಎರಡನೆಯದರಲ್ಲಿ ವಿಷ ಮಾಡುವುದು ನನಗೆ ಕುಚೇಷ್ಟೆಯಾಗಿ ಕಾಣುತ್ತದೆ. ಎಡ್ಮಂಡ್ ಮೆಕ್‌ಮಿಲನ್ ಮತ್ತು ಟಾಮಿ ರೆಫೆನೆಸ್ 2010ರಲ್ಲಿ ಮಾಡಿದ ಸೂಪರ್ ಮೀಟ್ ಬಾಯ್ ಅದಕ್ಕಿಂತ ಸುಲಭವೇನಲ್ಲ, ಆದರೆ ಅದರ ಲೆವೆಲ್‌ಗಳು ಚಿಕ್ಕವು, ಸತ್ತವನು ಕಣ್ಣು ಮಿಟುಕಿಸುವಷ್ಟರಲ್ಲಿ ಮತ್ತೆ ಓಡುತ್ತಿರುತ್ತಾನೆ. ಲೆವೆಲ್ ಗೆದ್ದ ಮೇಲೆ ಅಲ್ಲಿಯವರೆಗೆ ಸತ್ತ ಸಲಗಳನ್ನೆಲ್ಲ ಒಟ್ಟಿಗೇ ಓಡಿಸಿ ತೋರಿಸುತ್ತದೆ. ಹತ್ತಾರು ಮಂದಿ ಒಂದೊಂದಾಗಿ ಗರಗಸಕ್ಕೆ ಸಿಕ್ಕು ಉದುರಿ, ಕಡೆಗೆ ಒಬ್ಬನೇ ಉಳಿದು ದಾಟುವುದನ್ನು ನೋಡಿದರೆ ಅಳುತ್ತಿದ್ದ ಹುಡುಗರೂ ನಗುತ್ತಾರೆ.

ಮಗ ಸತ್ತಾಗ ಏನೆನ್ನುತ್ತಾನೆ, ಒಂದು ದಿನ ಪಕ್ಕದಲ್ಲಿ ಕುಳಿತು ಕೇಳಿ. "ಛೆ, ಲಗೂನ ಜಿಗದೆ" ಎಂದರೆ ಅವನು ಕಲಿಯುತ್ತಿದ್ದಾನೆ, ಆಟ ಅವನಿಗೆ ಕಲಿಸುತ್ತಿದೆ. ಹೊತ್ತಿನ ಮಿತಿ ಹಾಕಿ ಆಡಲು ಬಿಡಿ. "ನಾ ಬರೋಬರಿನ ಒತ್ತೇನಿ, ಇದ ಸುಳ್ಳ ಆಟ" ಎಂದು ಕಂಟ್ರೋಲರ್ ಒಗೆದರೆ ಮೊದಲು ಟಿವಿಯ ಸೆಟ್ಟಿಂಗ್‌ನಲ್ಲಿ ಗೇಮ್ ಮೋಡ್ ಹಾಕಿ ನೋಡಿ. ಚಿತ್ರವನ್ನು ಚೆಂದಗಾಣಿಸಲು ಟಿವಿ ತೆಗೆದುಕೊಳ್ಳುವ ಹೊತ್ತಿನಿಂದಾಗಿ ಜಿಗಿತ ತಡವಾಗಿ ಕಾಣುವುದುಂಟು, ಆಗ ಹುಡುಗನ ದೂರು ನಿಜವೇ ಆಗಿರುತ್ತದೆ. ಅದಾದ ಮೇಲೂ ಅಳು ನಿಲ್ಲದಿದ್ದರೆ ಬೇರೆ ಆಟ ಕೊಡಿಸಿ. ಸೆಲೆಸ್ಟ್‌ನಲ್ಲಿ ಅಸಿಸ್ಟ್ ಮೋಡ್ ಎಂಬುದಿದೆ. ಆಟದ ವೇಗವನ್ನು ಅರ್ಧದವರೆಗೆ ಇಳಿಸಬಹುದು, ಬೇಕಾದರೆ ಸಾಯದಂತೆಯೂ ಮಾಡಿಕೊಳ್ಳಬಹುದು. ಅದನ್ನು ನೀವೇ ಹಾಕಿಕೊಟ್ಟು ನಾಲ್ಕು ದಿನ ಬಿಡಿ. ವೇಗವನ್ನು ಪೂರ್ತಿಗೆ ಏರಿಸುವ ಕೆಲಸ ಅವನೇ ಮಾಡಿಕೊಳ್ಳುತ್ತಾನೆ.