ಸಂಪಾದಕರ ಉತ್ತರ: ಎಂಟೂವರೆಯ ವಿಡಿಯೋ ಕಾಲ್

ಕಾಪುವಿನಿಂದ ಒಬ್ರು ತಾಯಿ ಬರ್ದಿದ್ದಾರೆ, ಹೆಸರು ಹಾಕ್ಬೇಡಿ ಅಂದಿದ್ದಾರೆ. ಮಗ ಮೂರನೇ ಕ್ಲಾಸು, 8 ವರ್ಷ. ಸಿಟ್ಟು ಬಂದ್ರೆ ಕೈಗೆ ಸಿಕ್ಕಿದ್ದು ಬಿಸಾಡ್ತಾನೆ, ತಂಗಿಗೆ ಹೊಡೀತಾನೆ, ಶಾಲೆ ಡೈರಿ ತುಂಬ ಕೆಂಪು ಶಾಯಿ. ಗಂಡ ಕುವೈಟಲ್ಲಿ. ಅತ್ತೆ ದೃಷ್ಟಿ ಅಂತ ನೂಲು ಕಟ್ಟಿಸಿದ್ದಾರೆ. ಕೌನ್ಸೆಲಿಂಗಿಗೆ ಕರ್ಕೊಂಡು ಹೋದ್ರೆ ಸರಿ ಆಗ್ತಾನಾ, ಜನ ಹುಚ್ಚ ಅಂದ್ರೆ ಎಂತ ಮಾಡುದು ಅಂತ ಪ್ರಶ್ನೆ.

ನೋಡಿ ಅಮ್ಮ, ಬೇಜಾರು ಮಾಡ್ಬೇಡಿ, ಮಿಕ್ಸಿ ರಿಪೇರಿಗೆ ಕೊಟ್ಟ ಹಾಗೆ ಮಗನನ್ನು ಒಳಗೆ ಬಿಟ್ಟು ನೀವು ಹೊರಗೆ ಬೆಂಚಲ್ಲಿ ಕೂತ್ರೆ ಆಗುದಿಲ್ಲ. ಈ ಪ್ರಾಯದ ಮಕ್ಕಳ ಹಠ, ಸಿಟ್ಟಿಗೆ ಕೌನ್ಸೆಲಿಂಗ್ ಅಂದ್ರೆ ಮುಕ್ಕಾಲು ಪಾಲು ಮನೆಯ ದೊಡ್ಡವರಿಗೇ.

ನಿಮ್ಮ ಪತ್ರದಲ್ಲಿ ನಂಗೆ ಕುತ್ತಿದ ಸಾಲು ಬೇರೆ. ರಾತ್ರಿ ಎಂಟೂವರೆಗೆ ಗಂಡನ ವಿಡಿಯೋ ಕಾಲ್ ಬರ್ತದೆ, ಆಗ ಇಡೀ ದಿನದ ಕಂಪ್ಲೇಂಟ್ ಹೇಳಿ ಬೈಸ್ತೇನೆ, ಈಗೀಗ ರಿಂಗ್ ಆದ ಕೂಡ್ಲೇ ಮಂಚದ ಅಡಿಗೆ ಹೋಗಿ ಕೂರ್ತಾನೆ ಅಂತ ಬರ್ದಿದ್ದೀರಿ. ಅವನಿಗೆ ಅಪ್ಪ ಅಂದ್ರೆ ಅಂಗೈಯಷ್ಟು ಸ್ಕ್ರೀನು, ಅದ್ರಲ್ಲಿ ಕಾಣುದು ಬರೀ ಸಿಟ್ಟಿನ ಮುಖ. ಅಡಗದೆ ಎಂತ ಮಾಡ್ತಾನೆ ಮಾರಾಯ್ರೆ? ಇವತ್ತಿಂದ ಆ ವಿಡಿಯೋ ಕಾಲಲ್ಲಿ ಡೈರಿ ವಿಷಯ ಬಂದ್ ಮಾಡಿ. ಅಲ್ಲಿಯ ಟೈಮ್ ನಮ್ಗಿಂತ ಎರಡೂವರೆ ಗಂಟೆ ಹಿಂದೆ, ನಿಮ್ಗೆ ಹತ್ತು ಅಂದ್ರೆ ಅವರಿಗೆ ಏಳೂವರೆ, ಮಕ್ಕಳು ಮಲಗಿದ ಮೇಲೆ ನೀವಿಬ್ರೇ ಮಾತಾಡಿ.

ಇನ್ನೊಂದು ಕೆಲಸ, ಒಂದು ನೋಟ್‌ಬುಕ್ ಇಡಿ. ಗಲಾಟೆಗೆ ಸ್ವಲ್ಪ ಮೊದಲು ಎಂತ ಆಯ್ತು, ಅವ ಎಂತ ಮಾಡಿದ, ಆಮೇಲೆ ನೀವೆಲ್ಲ ಎಂತ ಮಾಡಿದ್ರಿ, ಇಷ್ಟೇ ಬರೀರಿ. ನೀವು ಮೊಬೈಲ್ ಇಲ್ಲ ಅಂತೀರಿ, ಅವ ಸ್ಟೀಲ್ ತಟ್ಟೆ ಬಿಸಾಡ್ತಾನೆ, ಅಜ್ಜಿ "ಪಾಪ, ಕೊಡು" ಅಂತಾರೆ. ತಟ್ಟೆ ಬಿಸಾಡಿದ್ರೆ ಮೊಬೈಲ್ ಬರ್ತದೆ ಅಂತ ಅವನಿಗೆ ಪಾಠ ಆಗಿ ಬಿಟ್ಟಿದೆ. ಮನೆಯವರೆಲ್ಲ ಒಂದೇ ಮಾತಿಗೆ ನಿಂತ್ರೆ ಮೊದಲ ಕೆಲವು ದಿನ ಬೊಬ್ಬೆ ಜಾಸ್ತಿಯೇ ಆಗ್ತದೆ, ಅಲ್ಲೇ ಎಲ್ಲರೂ ಸೋಲುದು. ನಾನೂ ನನ್ನ ಮಗಳ ಹತ್ರ ಮೂರನೇ ದಿನಕ್ಕೆ ಸೋತವ, ಆಮೇಲೆ ಅವಳು ಇನ್ನೂ ಜೋರು ಅತ್ತದ್ದು, ಕಲಿಸಿದ್ದು ನಾನೇ ಅಲ್ವಾ. ಮತ್ತೆ "ಗುಡ್ ಬಾಯ್" ಅಂದ್ರೆ ಸಾಲದು, "ತಂಗಿಗೆ ಪೆನ್ಸಿಲ್ ಕೊಟ್ಟಿಯಲ್ಲ, ಖುಷಿ ಆಯ್ತು" ಅಂತ ಆಗಿಂದಾಗ್ಲೇ ಹೇಳಿ. ದಿನಕ್ಕೆ 10 ನಿಮಿಷ ಅವ ಹೇಳಿದ ಆಟ ಆಡಿ, ಬುದ್ಧಿವಾದ ಇಲ್ಲದೆ.

ಡೈರಿಯಲ್ಲಿ ಹೆಚ್ಚು "ನೋಟ್ಸ್ ಬರೆಯುದಿಲ್ಲ" ಅಂತಲೇ ಇದೆಯಂತೆ. ಹಾಗಾದ್ರೆ ಮೊದಲು ಕಣ್ಣು, ಕಿವಿ ತೋರಿಸಿ. ಓದುದು ಬರೆಯುದೇ ಕಷ್ಟ ಆಗ್ತಿದ್ಯಾ, ಗಮನದ ತೊಂದ್ರೆ ಉಂಟಾ ಅಂತ ಕ್ಲಿನಿಕಲ್ ಸೈಕಾಲಜಿಸ್ಟ್ ಹತ್ರ ಪರೀಕ್ಷೆ ಮಾಡಿಸ್ಲಿಕ್ಕೆ ಇದು ಸರಿಯಾದ ಪ್ರಾಯ. ದಡ್ಡ ಅಂತ ನಗಾಡಿಸಿಕೊಳ್ಳುದಕ್ಕಿಂತ ಪೋಕ್ರಿ ಅನ್ನಿಸಿಕೊಳ್ಳುದೇ ವಾಸಿ ಅಂತ ಕೆಲವು ಮಕ್ಕಳು ತೀರ್ಮಾನ ಮಾಡಿರ್ತಾರೆ. ಅಂದ ಹಾಗೆ ಟೀಚರ್ ಹೊಡೆದ್ರೂ ಪರವಾಗಿಲ್ಲ ಅಂತ ಬರ್ದಿದ್ದೀರಿ, ಹಾಗೆ ಹೇಳ್ಬೇಡಿ, 2009ರ ಆರ್‌ಟಿಇ, ಅಂದ್ರೆ ಮಕ್ಕಳ ಶಿಕ್ಷಣ ಹಕ್ಕಿನ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಶಾಲೆಯಲ್ಲಿ ಹೊಡೆಯುವ ಹಾಗಿಲ್ಲ.

ಎಲ್ಲಿಗೆ ಹೋಗುದು ಅಂದ್ರೆ, ನಿಮ್ಗೆ ಹತ್ರ ಉಡುಪಿ ಅಜ್ಜರಕಾಡಿನ ಜಿಲ್ಲಾ ಆಸ್ಪತ್ರೆ, ಇಲ್ಲಾಂದ್ರೆ ಮಣಿಪಾಲ. ಮಂಗಳೂರಿನವರಿಗೆ ಹಂಪನಕಟ್ಟೆಯ ವೆನ್‌ಲಾಕ್ ಆಸ್ಪತ್ರೆ ಉಂಟು. ಬಸ್ಸು ಹತ್ತುವ ಮೊದಲು ಮಾತಾಡ್ಬೇಕು ಅಂತ ಕಂಡ್ರೆ ಸರ್ಕಾರದ ಮಾನಸಿಕ ಆರೋಗ್ಯದ ಸಹಾಯವಾಣಿ ಟೆಲಿ ಮಾನಸ್ 14416 ಉಂಟು, 2022ರಲ್ಲಿ ಶುರುವಾದದ್ದು, ದುಡ್ಡು ಕೊಡ್ಲಿಕ್ಕಿಲ್ಲ, ಕನ್ನಡದಲ್ಲೇ ಮಾತಾಡಬಹುದು.

ಹುಚ್ಚ ಅನ್ನುವವರು ಅಂತಾರೆ, ಅವರ ಮನೆ ತಟ್ಟೆ ಬಿಸಾಡುದಲ್ಲವಲ್ಲ. ಅತ್ತೆಯ ನೂಲು ಕೈಯಲ್ಲಿ ಇರ್ಲಿ ಬಿಡಿ, ಅದಕ್ಕೆ ಜಗಳ ಮಾಡ್ಬೇಡಿ. ಆದ್ರೆ ಕೌನ್ಸೆಲಿಂಗಿಗೆ ಹೋಗುವಾಗ ಅವರನ್ನೂ ಕರ್ಕೊಂಡು ಹೋಗಿ, ಸಂಜೆ ಮೊಬೈಲ್ ಕೊಡುದು ಅವರಲ್ವಾ. ನೋಟ್‌ಬುಕ್ ಮರೀಬೇಡಿ.