ಬಾಗುವ ಬೆನ್ನುಮೂಳೆ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮಗಳಿಗೆ 11 ವರ್ಷ. ಒಂದು ಭುಜ ತುಸು ಮೇಲೆ ಕಾಣುತ್ತದೆ. ನೋವೇನೂ ಇಲ್ಲ. ಬೆನ್ನುಮೂಳೆ ಬಾಗಿದೆಯೇ ಎಂದು ಮನೆಯಲ್ಲೇ ನೋಡಬಹುದೇ?

ನೋಡಬಹುದು. ನೋವಿಲ್ಲವೆಂದು ಸುಮ್ಮನಿರಬೇಡಿ. ಹದಿಹರೆಯದ ಸ್ಕೋಲಿಯೋಸಿಸ್, ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗುವುದು, ಎಷ್ಟೋ ಮಕ್ಕಳಲ್ಲಿ ನೋಯುವುದೇ ಇಲ್ಲ, ಅದಕ್ಕೇ ತಡವಾಗಿ ಗೊತ್ತಾಗುತ್ತದೆ. ಮೂಳೆ ಪಕ್ಕಕ್ಕೆ ಬಾಗುವುದರ ಜೊತೆಗೆ ತಿರುಚಿಕೊಳ್ಳುತ್ತದೆ. ಆಗ ಪಕ್ಕೆಲುಬುಗಳೂ ತಿರುಗಿ ಬೆನ್ನಿನ ಒಂದು ಬದಿ ಉಬ್ಬುತ್ತದೆ. ನೀವು ಹುಡುಕಬೇಕಾದ್ದು ಆ ಉಬ್ಬನ್ನು.

ಬೆನ್ನು ಪೂರ್ತಿ ಕಾಣುವಂತೆ ಬರಿಗಾಲಲ್ಲಿ ನಿಲ್ಲಿಸಿ. ಪಾದಗಳು ಜೋಡಿಸಿರಲಿ, ಮಂಡಿ ನೆಟ್ಟಗಿರಲಿ. ಎರಡೂ ಅಂಗೈ ಸೇರಿಸಿ, ತೋಳು ಇಳಿಬಿಟ್ಟು, ಬೆನ್ನು ನೆಲಕ್ಕೆ ಸಮಾನಾಂತರವಾಗುವವರೆಗೆ ನಿಧಾನವಾಗಿ ಬಗ್ಗಲಿ. ನೀವು ಹಿಂದೆ ಕೂತು, ಕಣ್ಣನ್ನು ಬೆನ್ನಿನ ಮಟ್ಟಕ್ಕೆ ತಂದು, ಎಡಬಲದ ಎತ್ತರ ಎಲ್ಲಿ ಬೇರೆಯಾಗಿದೆ ನೋಡಿ. ಮಗು ಒಂದು ಮಂಡಿ ಮಡಚಿದ್ದರೆ, ಒಂದು ಕೈ ಮುಂದೆ ಚಾಚಿದ್ದರೆ ಇಲ್ಲದ ಉಬ್ಬು ಕಾಣುತ್ತದೆ. ಒಂದು ಕಾಲು ಗಿಡ್ಡವಿದ್ದರೂ ಹಾಗೆಯೇ. ಅನುಮಾನವಿದ್ದರೆ ಸ್ಟೂಲಿನ ಮೇಲೆ ಕೂರಿಸಿ ಬಗ್ಗಿಸಿ. ಕೂತಾಗ ಉಬ್ಬು ಹೋದರೆ ಕಾಲುಗಳ ಉದ್ದ ಅಳೆಸಬೇಕು.

ಉಬ್ಬು ಕಂಡರೆ ಮೂಳೆ ವೈದ್ಯರಿಗೆ ತೋರಿಸಿ. ಅವರು ಸ್ಕೋಲಿಯೋಮೀಟರ್ ಇಟ್ಟು ಓರೆ ಅಳೆಯುತ್ತಾರೆ. ಸಾಮಾನ್ಯವಾಗಿ 7 ಡಿಗ್ರಿ ಮುಟ್ಟಿದರೆ ನಿಂತ ಭಂಗಿಯಲ್ಲಿ ಇಡೀ ಬೆನ್ನುಮೂಳೆಯ ಎಕ್ಸ್‌ರೇ. ಅದನ್ನು ಬೆನ್ನಿನ ಕಡೆಯಿಂದ ತೆಗೆಯುವಂತೆ ಕೇಳಿ, ಎದೆಗೆ ಬೀಳುವ ವಿಕಿರಣ ಕಡಿಮೆಯಾಗುತ್ತದೆ. ಅದರಲ್ಲಿ ಅಳೆಯುವ ಬಾಗಿಗೆ ಕಾಬ್ ಕೋನ ಎನ್ನುತ್ತಾರೆ. 10 ಡಿಗ್ರಿ ದಾಟಿದರೆ ಮಾತ್ರ ಸ್ಕೋಲಿಯೋಸಿಸ್.

ಹುಡುಗಿಯರನ್ನು 10 ಮತ್ತು 12ನೇ ವಯಸ್ಸಿನಲ್ಲಿ, ಹುಡುಗರನ್ನು 13 ಅಥವಾ 14ರಲ್ಲಿ ನೋಡಬೇಕೆಂಬುದು ಅಮೆರಿಕದ ಮೂಳೆತಜ್ಞರ ಸಂಘಗಳ ಸಲಹೆ. ಎಲ್ಲ ಮಕ್ಕಳನ್ನೂ ತಪಾಸಣೆ ಮಾಡಲು ಸಾಕ್ಷ್ಯ ಸಾಲದು ಎಂದು ಅದೇ ದೇಶದ ತಡೆ-ಆರೋಗ್ಯ ಕಾರ್ಯಪಡೆ 2018ರಲ್ಲಿ ಹೇಳಿತು. ಆದರೂ ಒಂದು ನಿಮಿಷದ ಈ ನೋಟವನ್ನು ಬಿಡಬಾರದೆಂಬುದು ನಮ್ಮ ಅಭಿಪ್ರಾಯ. ಹುಡುಗಿಯರು ತೀರ ವೇಗವಾಗಿ ಬೆಳೆಯುವುದು ಮುಟ್ಟು ಶುರುವಾಗುವುದಕ್ಕೆ ತುಸು ಮುಂಚೆ, ಬಾಗು ಹೆಚ್ಚುವುದೂ ಆಗಲೇ.

ಪ್ರಶ್ನೆ: 12 ವರ್ಷದ ಮಗಳಿಗೆ ಕಾಬ್ ಕೋನ 28 ಡಿಗ್ರಿ, ಇನ್ನೂ ಮುಟ್ಟಾಗಿಲ್ಲ. ಮೂಳೆ ವೈದ್ಯರು ಬ್ರೇಸ್ (ಬಾಗು ಹೆಚ್ಚದಂತೆ ಮೈಗೆ ತೊಡುವ ಗಟ್ಟಿ ಕವಚ) ಹೇಳಿದ್ದಾರೆ. ಕೈರೋಪ್ರ್ಯಾಕ್ಟರ್ (ಕೈಯಿಂದ ಬೆನ್ನು ಒತ್ತಿ ಚಿಕಿತ್ಸೆ ಮಾಡುವವರು) ಒಬ್ಬರು ಆರು ತಿಂಗಳಲ್ಲಿ ನೆಟ್ಟಗೆ ಮಾಡುವುದಾಗಿ ಹೇಳುತ್ತಾರೆ. ಮೊದಲು ಅದನ್ನೇ ನೋಡಲೇ?

ಬೇಡ. ಆ ಆರು ತಿಂಗಳು ನಿಮ್ಮ ಮಗಳಿಗೆ ತೀರ ಬೆಲೆಯುಳ್ಳವು. ಕೈಯಿಂದ ಒತ್ತಿ ಕೀಲು ಸಡಿಲಿಸಿದರೆ ಬಿಗಿತ, ನೋವು ಕಡಿಮೆಯಾದೀತು. ಬಾಗು ಇಳಿಯುತ್ತದೆ, ನಿಲ್ಲುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಜಾರಿದ ಮೂಳೆಯನ್ನು ಸ್ವಸ್ಥಾನಕ್ಕೆ ಕೂರಿಸುವ ಕೆಲಸ ಇದಲ್ಲವಲ್ಲ, ಬೆಳೆಯುತ್ತಲೇ ತಿರುಚಿಕೊಳ್ಳುತ್ತಿರುವ ಮೂಳೆ ಇದು. ಮೊದಲಿನ ಮತ್ತು ಆಮೇಲಿನ ಎಕ್ಸ್‌ರೇ ತೋರಿಸಿ 3-4 ಡಿಗ್ರಿ ಇಳಿಯಿತೆಂದರೆ ನಂಬಬೇಡಿ. ಒಂದೇ ಎಕ್ಸ್‌ರೇಯನ್ನು ಇಬ್ಬರು ಅಳೆದರೂ ಅಷ್ಟು ವ್ಯತ್ಯಾಸ ಬರುತ್ತದೆ.

ಬೆಳವಣಿಗೆ ಬಾಕಿಯಿದ್ದು ಕೋನ 25ರಿಂದ 40 ಡಿಗ್ರಿಯೊಳಗಿದ್ದರೆ ಬ್ರೇಸ್‌ಗೆ ಸರಿಯಾದ ಕಾಲ. 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ, ಬೆಳವಣಿಗೆ ಮುಗಿಯುವವರೆಗೂ 50 ಡಿಗ್ರಿ ಮುಟ್ಟದೆ ಉಳಿದವರು ಬ್ರೇಸ್ ತೊಟ್ಟವರಲ್ಲಿ ಶೇ. 72, ಬರೇ ಕಾದು ನೋಡಿದವರಲ್ಲಿ ಶೇ. 48. ದಿನಕ್ಕೆ ಸುಮಾರು 13 ಗಂಟೆಗಿಂತ ಹೆಚ್ಚು ತೊಟ್ಟವರಲ್ಲಿ ಯಶಸ್ಸು ಶೇ. 90 ದಾಟಿತ್ತು. ಬ್ರೇಸ್ ಸೋಲುವುದು ಹೆಚ್ಚಾಗಿ ಕಪಾಟಿನಲ್ಲಿ ಉಳಿದಾಗ. ಒಳಗೆ ಹೊಲಿಗೆಯಿಲ್ಲದ ತೆಳು ಹತ್ತಿಯ ಬನಿಯನ್ ಹಾಕಿಸಿ. ಬಿಚ್ಚಿ ಅರ್ಧ ಗಂಟೆ ಕಳೆದರೂ ಕೆಂಪು ಗುರುತು ಮಾಯದಿದ್ದರೆ ತಯಾರಿಸಿದವರ ಬಳಿ ಸರಿಪಡಿಸಿಕೊಳ್ಳಿ. ಎತ್ತರ ಬೆಳೆದಂತೆ ಅಳತೆ ಬದಲಿಸಲೇಬೇಕು. ಶ್ರಾತ್ ಪದ್ಧತಿಯಂಥ, ಸ್ಕೋಲಿಯೋಸಿಸ್‌ಗೆಂದೇ ಇರುವ ವ್ಯಾಯಾಮವನ್ನು ತರಬೇತಾದ ಫಿಸಿಯೋಥೆರಪಿಸ್ಟ್ ಹತ್ತಿರ ಕಲಿಸಿ, ಬ್ರೇಸ್ ಬದಲಿಗಲ್ಲ, ಬ್ರೇಸ್ ಜೊತೆಗೆ.

ನೋವಿಗಾಗಿ ಕೈರೋಪ್ರ್ಯಾಕ್ಟರ್ ಬಳಿ ಹೋಗುವುದಾದರೆ ಮೂಳೆ ವೈದ್ಯರಿಗೆ ತಿಳಿಸಿಯೇ ಹೋಗಿ. ಕಾಬ್ ಕೋನ ಎಷ್ಟು, ಬೆಳವಣಿಗೆ ಎಷ್ಟು ಉಳಿದಿದೆ ಎಂದು ಕೇಳದವರು, ಬ್ರೇಸ್ ಬಿಡಿಸುವವರು ಬೇಡ. ರಾತ್ರಿ ಎಬ್ಬಿಸುವ ನೋವು, ಕಾಲಿನಲ್ಲಿ ಬಲಹೀನತೆ ಅಥವಾ ಜೋಮು, ಮೂತ್ರದ ಹಿಡಿತ ತಪ್ಪುವುದು, ಎದೆಯ ಮಟ್ಟದಲ್ಲಿ ಬಾಗು ಎಡಕ್ಕಿರುವುದು: ಇವುಗಳಲ್ಲಿ ಒಂದಿದ್ದರೂ ಯಾರೂ ಬೆನ್ನು ಒತ್ತುವಂತಿಲ್ಲ. ಮೊದಲು ತಜ್ಞರಿಗೆ ತೋರಿಸಿ, ಎಂಆರ್‌ಐ ಬೇಕೇ ಎಂದು ಕೇಳಿ.

ಪ್ರಶ್ನೆ: ಭಾರದ ಶಾಲಾ ಚೀಲದಿಂದ ಮಗನ ಬೆನ್ನು ಹೀಗಾಯಿತೇ?

ಇಲ್ಲ. ಚೀಲ ಬೆನ್ನು ನೋಯಿಸಬಹುದು, ಸ್ಕೋಲಿಯೋಸಿಸ್ ತರುವುದಿಲ್ಲ. ಓರೆಯಾಗಿ ಕೂರುವುದೂ ಕಾರಣವಲ್ಲ, ಅದಕ್ಕಾಗಿ ಮಗನನ್ನು ಗದರಬೇಡಿ. ಇದು ಕುಟುಂಬಗಳಲ್ಲಿ ಹರಿದು ಬರುವುದುಂಟು, ಆದ್ದರಿಂದ ಅವನ ತಮ್ಮ ತಂಗಿಯರಿದ್ದರೆ ಅವರನ್ನೂ ಬಗ್ಗಿಸಿ ನೋಡಿ.