ಕ್ರಿಸ್ಮಸ್ ಮುಗಿಯಲಿ ಎಂದು ಮುಂದೂಡಿದ ಪರೀಕ್ಷೆ

ಕ್ರಿಸ್ಮಸ್ಸಿಗೆ ಮುಂಚಿನ ಸಿದ್ಧತೆಯ ವಾರಗಳಾದ ಆಗಮನ ಕಾಲದ ಮೊದಲ ವಾರದಲ್ಲಿ ಕರಾವಳಿಯ ಕ್ಯಾಥೊಲಿಕ್ ಮಹಿಳೆಯೊಬ್ಬರು ರಾತ್ರಿ ನಿದ್ರೆ ಬರುತ್ತಿಲ್ಲವೆಂಬ ದೂರಿನೊಂದಿಗೆ ಆಪ್ತಸಲಹೆಗೆ ಬಂದರು. ವಯಸ್ಸು ಐವತ್ತು ದಾಟಿತ್ತು. ಪತಿ ಕುವೈತಿನಲ್ಲಿ ಉದ್ಯೋಗದಲ್ಲಿದ್ದು ಹಬ್ಬದ ರಜೆಗೆ ಬರುವವರಿದ್ದರು; ಮನೆಯಲ್ಲಿ ವಯಸ್ಸಾದ ಅತ್ತೆಯೂ ಕಾಲೇಜಿಗೆ ಹೋಗುವ ಮಗಳೂ ಇದ್ದರು. ಅವರ ಒಪ್ಪಿಗೆ ಪಡೆದು, ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿ ಈ ಪ್ರಕರಣವನ್ನು ಬರೆಯುತ್ತಿದ್ದೇನೆ. ಇಲ್ಲಿ ಅವರನ್ನು ಗ್ರೇಸಿಯಮ್ಮ ಎಂದು ಕರೆದಿದ್ದೇನೆ.

ಮೊದಲ ಭೇಟಿಯ ಬಹುಪಾಲನ್ನು ಅವರು ಹಬ್ಬದ ತಯಾರಿಯ ಮಾತಿಗೇ ಕೊಟ್ಟರು. ಗೋಡೆಗಳಿಗೆ ಬಣ್ಣ ಬಳಿಸಿಯಾಗಿತ್ತು, ಗೋದಲಿಯ, ಅಂದರೆ ಯೇಸು ಹುಟ್ಟಿದ ಕೊಟ್ಟಿಗೆಯ ಮಾದರಿಯ, ಪ್ರತಿಮೆಗಳನ್ನು ತೊಳೆದು ಇಟ್ಟಾಗಿತ್ತು, ಕುಸ್ವಾರಿಗೆಂದು, ಅಂದರೆ ಹಬ್ಬದ ತಿಂಡಿಗಳಿಗೆಂದು, ಮನೆಯವರೆಲ್ಲ ಮಲಗಿದ ಮೇಲೂ ಒಬ್ಬರೇ ಕುಳಿತು ಕಿಡಿಯೊ, ನೆವ್ರಿ ಮಾಡುತ್ತಿದ್ದರು. ಇಷ್ಟು ಬೇಗ ಯಾಕೆ ಎಂದು ಕೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಎಡ ಸ್ತನದಲ್ಲಿ ಗಂಟೊಂದು ಕಾಣಿಸಿಕೊಂಡಿದೆಯೆಂದೂ, ವೈದ್ಯರು ಮ್ಯಾಮೊಗ್ರಾಮ್ ಮತ್ತು ಬಯಾಪ್ಸಿ (ಸೂಜಿಯಿಂದ ಗಂಟಿನ ತುಣುಕು ತೆಗೆದು ಮಾಡುವ ಪರೀಕ್ಷೆ) ಮಾಡಿಸಲು ಬರೆದುಕೊಟ್ಟ ಚೀಟಿ ಪ್ರಾರ್ಥನಾ ಪುಸ್ತಕದೊಳಗೆ ಇದೆಯೆಂದೂ ಹೇಳಿದರು. ಮನೆಯಲ್ಲಿ ಯಾರಿಗೂ ತಿಳಿಸಿರಲಿಲ್ಲ. “ಕ್ರಿಸ್ಮಸ್ ಒಂದು ಮುಗಿಯಲಿ ಮೇಡಂ. ನಾನು ದೇವರ ಮೇಲೆ ಭಾರ ಹಾಕಿದ್ದೇನೆ. ಈಗ ಪರೀಕ್ಷೆಗೆ ಓಡಿದರೆ ಅವರನ್ನು ನಂಬಲಿಲ್ಲ ಎಂದಾಗುವುದಿಲ್ಲವೇ?” ಎಂಬುದು ಅವರ ಪ್ರಶ್ನೆಯಾಗಿತ್ತು.

ಗ್ರೇಸಿಯಮ್ಮನವರ ತಾಯಿ ಸ್ತನ ಕ್ಯಾನ್ಸರಿನಿಂದ ತೀರಿಕೊಂಡಿದ್ದರು. ಸೂಜಿ ಚುಚ್ಚಿದ ಮೇಲೆಯೇ ಅದು ಮೈಯೆಲ್ಲ ಹರಡಿತೆಂದು ಅಂದು ನೆಂಟರು ಆಡಿಕೊಂಡ ಮಾತು ಮಗಳ ಮನಸ್ಸಿನಲ್ಲಿ ಉಳಿದುಕೊಂಡಿತ್ತು. ಅವರ ಭಯಕ್ಕೆ ಹೀಗೆ ಒಂದು ಚರಿತ್ರೆಯಿತ್ತು. ಆದರೆ ಅವರು ಅದನ್ನು ಭಯವೆಂದು ಕರೆಯುತ್ತಿರಲಿಲ್ಲ, ವಿಶ್ವಾಸವೆಂದು ಕರೆಯುತ್ತಿದ್ದರು. ಹಗಲಿಡೀ ಆ ಹೆಸರು ನಡೆಯುತ್ತಿತ್ತು, ರಾತ್ರಿ ನಡೆಯುತ್ತಿರಲಿಲ್ಲ.

ಭಕ್ತಿಯುಳ್ಳವರ ಇಂತಹ ಮಾತನ್ನು ಮನಶ್ಶಾಸ್ತ್ರದ ಪರಿಭಾಷೆಯಿಂದ ತಳ್ಳಿಹಾಕುವುದನ್ನು ನಾನು ಒಪ್ಪುವುದಿಲ್ಲ. ಅವರು ಪ್ರಶ್ನೆ ಕೇಳಿದ್ದು ವಿಶ್ವಾಸದ ಭಾಷೆಯಲ್ಲಿ, ಉತ್ತರವೂ ಅಲ್ಲಿಂದಲೇ ಬರಬೇಕಿತ್ತು. ಅದಕ್ಕೆ ದಾರಿಯೂ ತಾನಾಗಿ ಸಿಕ್ಕಿತು. ಆಗಮನ ಕಾಲದ ನಾಲ್ಕನೆಯ ಭಾನುವಾರ ಚರ್ಚಿನಲ್ಲಿ ನಡೆಯುವ ಬಲಿಪೂಜೆಯಲ್ಲಿ ಬೈಬಲಿನ ಮೊದಲ ವಾಚನ ಓದುವ ಹೊಣೆ ಅವರದಾಗಿತ್ತು, ಮತ್ತು ಆ ವರ್ಷದ ವಾಚನ ಯೆಶಾಯನ ಗ್ರಂಥದ 7ನೇ ಅಧ್ಯಾಯದ 10ರಿಂದ 14ನೇ ವಚನಗಳು, ಅಂದರೆ ಕನ್ಯೆಯು ಗರ್ಭವತಿಯಾಗಿ ಹೆರುವ ಮಗನಿಗೆ ಇಮ್ಮಾನುವೇಲ್ ಎಂದು ಹೆಸರಿಡುವಳೆಂಬ ಪ್ರವಾದನೆ. ಅದನ್ನು ಅಧ್ಯಾಯದ ಮೊದಲ ವಚನದಿಂದ ಓದಿಕೊಂಡು ಬರುವಂತೆ ಕೇಳಿಕೊಂಡೆ.

ದೇವಾಲಯದಲ್ಲಿ ಓದದೆ ಬಿಡುವ ಆ ಮೊದಲ ಒಂಬತ್ತು ವಚನಗಳಲ್ಲಿಯೇ ಆ ಪ್ರವಾದನೆಯ ಸಂದರ್ಭವಿದೆ. ಕ್ರಿಸ್ತಪೂರ್ವ 8ನೇ ಶತಮಾನದಲ್ಲಿ ಸಿರಿಯಾದ ಅರಸನೂ ಇಸ್ರಯೇಲಿನ ಅರಸನೂ ಒಂದಾಗಿ ಯೆಹೂದದ ಮೇಲೆ ದಂಡೆತ್ತಿ ಬಂದಾಗ, ಅರಸ ಆಹಾಜನ ಮತ್ತು ಪ್ರಜೆಗಳ ಎದೆ ಗಾಳಿಗೆ ಸಿಕ್ಕಿದ ಕಾಡಿನ ಮರಗಳಂತೆ ನಡುಗಿತು. ಯೆಶಾಯನು ಅವನನ್ನು ಭೇಟಿಯಾದದ್ದು ಅರಮನೆಯಲ್ಲಿ ಅಲ್ಲ, ಮೇಲಿನ ಕೊಳದ ಕಾಲುವೆಯ ತುದಿಯಲ್ಲಿ. ಮುತ್ತಿಗೆಯ ಕಾಲಕ್ಕೆ ನೀರಿನ ವ್ಯವಸ್ಥೆ ನೋಡಲು ಅರಸ ಅಲ್ಲಿಗೆ ಹೋಗಿದ್ದಿರಬೇಕೆಂದು ವ್ಯಾಖ್ಯಾನಕಾರರು ಊಹಿಸುತ್ತಾರೆ. ಹೆದರಬೇಡ ಎಂದು ಪ್ರವಾದಿ ಹೇಳುತ್ತಾನೆ. ಬೇಕಾದ ಗುರುತನ್ನು ಕೇಳಿಕೋ ಎಂದು ದೇವರೇ ಹೇಳುತ್ತಾರೆ. ಆಗ ಆಹಾಜ, ನಾನು ಕೇಳುವುದಿಲ್ಲ, ದೇವರನ್ನು ಪರೀಕ್ಷಿಸುವುದಿಲ್ಲ ಎನ್ನುತ್ತಾನೆ. ಕೇಳುವುದಕ್ಕೆ ಇದಕ್ಕಿಂತ ಭಕ್ತಿಯ ಮಾತು ಇನ್ನೊಂದಿಲ್ಲ. ಆದರೆ ಅರಸುಗಳ ಎರಡನೆಯ ಗ್ರಂಥದ 16ನೇ ಅಧ್ಯಾಯವನ್ನು ನೋಡಿದರೆ, ಇದೇ ಅರಸ ದೇವಾಲಯದ ಬೆಳ್ಳಿಬಂಗಾರವನ್ನು ತೆಗೆದು ಅಸ್ಸೀರಿಯಾದ ಅರಸನಿಗೆ ಕಾಣಿಕೆ ಕಳುಹಿಸಿ ಅವನ ರಕ್ಷಣೆ ಬೇಡಿಕೊಂಡದ್ದು ತಿಳಿಯುತ್ತದೆ.

ಎರಡನೆಯ ಭೇಟಿಗೆ ಬಂದಾಗ ಈ ಹೋಲಿಕೆಯನ್ನು ನಾನು ಬಿಡಿಸಿ ಹೇಳಬೇಕಾಗಲಿಲ್ಲ. “ಅವನೂ ದೇವರ ಹೆಸರು ಹೇಳಿಯೇ ತಪ್ಪಿಸಿಕೊಂಡ, ಅಲ್ಲವೇ ಮೇಡಂ?” ಎಂದು ಅವರೇ ಕೇಳಿದರು. ಅವರನ್ನು ಆಹಾಜನ ಸಾಲಿಗೆ ಸೇರಿಸುವುದು ನನ್ನ ಉದ್ದೇಶವಲ್ಲವೆಂದೂ, ಹೆದರಿದ್ದು ಅವನ ದೋಷವಾಗಿರಲಿಲ್ಲವೆಂದೂ ಹೇಳಿದೆ. ಯೇಸುವಿನ ಜನನದ ಕಥೆಯಲ್ಲಿಯೂ ದೇವದೂತನಿಂದ ಹೆದರಬೇಡ ಎಂಬ ಮಾತನ್ನು ಯಾಜಕ ಜಕರೀಯ, ಯೇಸುವಿನ ತಾಯಿ ಮರಿಯ, ಕುರುಬರು ಎಲ್ಲರೂ ಕೇಳಿಸಿಕೊಂಡದ್ದು ಹೆದರಿಕೊಂಡಿದ್ದಾಗಲೇ. ಆದ್ದರಿಂದ ಭಯ ಹುಟ್ಟಿದ್ದು ಪಾಪವಲ್ಲ, ಗುರುಗಳ ಮುಂದೆ ಮಾಡುವ ಪಾಪನಿವೇದನೆಯಲ್ಲಿ ಅದನ್ನು ಮತ್ತೆ ಮತ್ತೆ ಹೇಳಿಕೊಳ್ಳುವ ಅಗತ್ಯವೂ ಇಲ್ಲ.

ಸಲಹೆಯಾಗಿ ಮೊದಲು ಹೇಳಿದ್ದು, ಪರೀಕ್ಷೆಯನ್ನು ಹಬ್ಬಕ್ಕೆ ಮುಂಚೆಯೇ ಮಾಡಿಸಬೇಕು ಎಂದು. ಸ್ತನದ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲ; ಆದರೆ ಈ ವಯಸ್ಸಿನಲ್ಲಿ, ತಾಯಿಗೂ ಕಾಯಿಲೆ ಇದ್ದಾಗ, ಪರೀಕ್ಷಿಸದೆ ಹಾಗೆ ಭಾವಿಸಿಕೊಳ್ಳುವಂತಿಲ್ಲ. ಸೂಜಿಯಿಂದ ಕಾಯಿಲೆ ಹರಡುತ್ತದೆಂಬ ಮಾತಿಗೆ ನಾನು ಉತ್ತರ ಕೊಡುವ ಬದಲು, ಅದನ್ನು ಚೀಟಿಯ ಹಿಂಬದಿಯಲ್ಲಿ ಬರೆದುಕೊಂಡು ಹೋಗಿ ವೈದ್ಯರನ್ನೇ ಕೇಳಲು ಹೇಳಿದೆ. ಹಾಗೆ ಹರಡುವುದಿಲ್ಲವೆಂದು ವೈದ್ಯರು ಸಮಾಧಾನವಾಗಿ ವಿವರಿಸಿದರಂತೆ. ಕ್ಯಾಥೊಲಿಕ್ ಬೈಬಲಿನಲ್ಲಿರುವ ಸಿರಾಖನ ಗ್ರಂಥದ 38ನೇ ಅಧ್ಯಾಯವು ರೋಗಿಗೆ ಪ್ರಾರ್ಥಿಸಲು ಹೇಳಿ, ಅದರ ಬೆನ್ನಿಗೇ ವೈದ್ಯನಿಗೂ ಅವಕಾಶ ಕೊಡು ಎನ್ನುತ್ತದೆ. ದೇವರನ್ನು ನಂಬಲಿಲ್ಲವೆಂಬ ಅವರ ಕಳವಳಕ್ಕೆ ನನ್ನ ವಾದಕ್ಕಿಂತ ಆ ವಚನಗಳೇ ಹೆಚ್ಚು ಉಪಯೋಗಕ್ಕೆ ಬಂದವು.

ಎರಡನೆಯದು, ಒಬ್ಬರಿಗಾದರೂ ತಿಳಿಸುವುದು. ಯೇಸುವಿನ ಜನನದ ಸುದ್ದಿ ತಿಳಿಸಿ ದೇವದೂತ ಹೊರಟುಹೋದ ಮೇಲೆ ಮರಿಯ ಒಬ್ಬಳೇ ಮನೆಯಲ್ಲಿ ಕುಳಿತುಕೊಳ್ಳದೆ ಬಂಧು ಎಲಿಜಬೇತಳ ಬಳಿಗೆ ಹೋದಳೆಂಬುದನ್ನು ಅವರೇ ನೆನಪಿಸಿಕೊಂಡು ನಾದಿನಿಗೆ ಹೇಳಲು ಒಪ್ಪಿದರು. ಪತಿಗೆ ಫೋನಿನಲ್ಲಿ ಹೇಳಬೇಕೇ, ಬಂದ ಮೇಲೆ ಹೇಳಬೇಕೇ ಎಂಬ ನಿರ್ಧಾರವನ್ನು ಅವರಿಗೇ ಬಿಟ್ಟೆ. ಅಡುಗೆಮನೆಯ ರಾತ್ರಿ ದುಡಿಮೆಯನ್ನು ನಿಲ್ಲಿಸಿ, ಉಳಿದ ಕುಸ್ವಾರನ್ನು ಮಗಳೊಂದಿಗೆ ಹಗಲಿನಲ್ಲಿ ಮಾಡುವುದೆಂದು ಮಾತಾಯಿತು. ಆಮೇಲೂ ನಿದ್ರೆ ಬರದಿದ್ದರೆ ಮನೋವೈದ್ಯರನ್ನು ಕಾಣುವುದೆಂದೂ ಒಪ್ಪಿದರು.

ಬಯಾಪ್ಸಿಗೆ ನಾದಿನಿ ಜೊತೆಗೆ ಹೋದರು. ಅದು ಕ್ಯಾನ್ಸರ್ ಎಂದೇ ವರದಿ ಬಂತು, ಆರಂಭದ ಹಂತದ್ದು. ಜನವರಿಯಲ್ಲಿ ಶಸ್ತ್ರಚಿಕಿತ್ಸೆ ನಿಗದಿಯಾಯಿತು. ವರದಿ ಕೈಗೆ ಬಂದ ಮೇಲೆ ನಿದ್ರೆ ತುಸು ಸುಧಾರಿಸಿತೆಂದು ಅವರು ಹೇಳಿದ್ದನ್ನು ಕೇಳಿ ಪತಿಗೆ ಆಶ್ಚರ್ಯವಾಯಿತು, ನನಗೆ ಆಗಲಿಲ್ಲ. ಭಯ ಹೋಗಿರಲಿಲ್ಲ, ಆದರೆ ಅದನ್ನು ಬಚ್ಚಿಡುವ ಕೆಲಸ ತಪ್ಪಿತ್ತು. ನಾಲ್ಕನೆಯ ಭಾನುವಾರದ ವಾಚನವನ್ನು ಅವರೇ ಓದಿದರು. ಹಬ್ಬದ ನಂತರದ ಭೇಟಿಯಲ್ಲಿ, ದೇವರ ಮೇಲೆ ಸಿಟ್ಟು ಬರುತ್ತಿದೆ, ಇದನ್ನಾದರೂ ಪಾಪನಿವೇದನೆಯಲ್ಲಿ ಹೇಳಬೇಕೇ ಎಂದು ಕೇಳಿದರು. ಎಷ್ಟರವರೆಗೆ ನನ್ನನ್ನು ಮರೆತಿರುವೆ ಎಂದು ದೇವರನ್ನೇ ಕೇಳುವ 13ನೇ ಕೀರ್ತನೆಯನ್ನು ದಿನಕ್ಕೊಮ್ಮೆ ಗಟ್ಟಿಯಾಗಿ ಓದಲು ತಿಳಿಸಿದ್ದೇನೆ. ಈಗಿನ ಭೇಟಿಗಳಲ್ಲಿ ನಡೆದಿರುವುದು ಆ ಸಿಟ್ಟಿನ ಮಾತುಕತೆಯೇ.